ಏಳು ಕುರ್ಚಿಗಳ ಮಂಡಳಿ

1966ನೆಯ ಇಸವಿಯ ಮೊದಲ ದಿನ ಜಾನ್ ಲಿಂಡ್ಸೆ ನ್ಯೂಯಾರ್ಕ್ ನಗರದ ಮೇಯರ್ ಆಗಿ ಅಧಿಕಾರ ವಹಿಸಿಕೊಂಡರು. ಒಂದೂವರೆ ವರ್ಷ ಹಿಂದಿನ ಗಾಯವೊಂದು ಆ ನಗರದಲ್ಲಿ ಇನ್ನೂ ಮಾಯ್ದಿರಲಿಲ್ಲ. 1964ರ ಜುಲೈ 16ರಂದು ಜೇಮ್ಸ್ ಪೊವೆಲ್ ಎಂಬ ಹದಿನೈದರ ಕಪ್ಪು ಬಾಲಕ, ಕರ್ತವ್ಯದ ಮೇಲಿರದ ಬಿಳಿಯ ಪೊಲೀಸ್ ಅಧಿಕಾರಿಯೊಬ್ಬನ ಗುಂಡಿಗೆ ಬಲಿಯಾಗಿದ್ದ. ಕಪ್ಪು ಜನರೇ ಹೆಚ್ಚಿದ್ದ ಹಾರ್ಲೆಮ್ ಬಡಾವಣೆ ಸಿಡಿದೆದ್ದಿತು; ಗಲಭೆ ನದಿ ದಾಟಿ ಬ್ರೂಕ್ಲಿನ್‌ಗೂ ಹಬ್ಬಿತು. ಆ ಅಧಿಕಾರಿಯ ಮೇಲೆ ಗ್ರ್ಯಾಂಡ್ ಜ್ಯೂರಿ ದೋಷಾರೋಪ ಹೊರಿಸಲಿಲ್ಲ.

ಪೊಲೀಸರ ಮೇಲಿನ ದೂರುಗಳಿಗೆಂದು 1953ರಿಂದಲೇ ಒಂದು ಮಂಡಳಿ ಇತ್ತು. ಆದರೆ ಅದರಲ್ಲಿ ಕುಳಿತವರು ಇಲಾಖೆಯವರೇ. ತನಿಖೆ ನಡೆಸುತ್ತಿದ್ದವರೂ ಪೊಲೀಸರೇ. ಬೇಲಿಯೇ ಎದ್ದು ಹೊಲ ಮೇಯ್ದಾಗ ಬೇಲಿಗೇ ದೂರು ಕೊಡಬೇಕಾದ ಸ್ಥಿತಿ ಕಪ್ಪು ಮತ್ತು ಪೋರ್ಟೊರಿಕನ್ ಜನರದಾಗಿತ್ತು.

ಲಿಂಡ್ಸೆ ಮಾಡಿದ ಬದಲಾವಣೆ ನೋಡಲು ಚಿಕ್ಕದು. ಹಳೆಯ ಮಂಡಳಿಯ ಮೂರು ಕುರ್ಚಿಗಳ ಪಕ್ಕಕ್ಕೆ ಮತ್ತೆ ನಾಲ್ಕನ್ನು ಹಾಕಿಸಿ, ಅವುಗಳಲ್ಲಿ ಸಾಮಾನ್ಯ ನಾಗರಿಕರನ್ನು ಕೂರಿಸಿದರು. ಶಿಕ್ಷೆ ಕೊಡುವ ಅಧಿಕಾರ ಆ ಏಳು ಮಂದಿಗೂ ಇರಲಿಲ್ಲ. ಅವರದೇನಿದ್ದರೂ ಶಿಫಾರಸು, ತೀರ್ಮಾನ ಪೊಲೀಸ್ ಕಮಿಷನರರದು. ಆದರೂ ಆಗಿನ ಕಮಿಷನರ್ ವಿನ್ಸೆಂಟ್ ಬ್ರಾಡರಿಕ್ ಇದಕ್ಕೆ ಒಪ್ಪಲಿಲ್ಲ. ಅವರ ಜಾಗಕ್ಕೆ ಹೊವಾರ್ಡ್ ಲಿಯರಿ ಬಂದರು. 1958ರಿಂದ ಇಂಥದೇ ಮಂಡಳಿ ನಡೆಯುತ್ತಿದ್ದ ಫಿಲಡೆಲ್ಫಿಯಾದಲ್ಲಿ ಪೊಲೀಸ್ ಮುಖ್ಯಸ್ಥರಾಗಿದ್ದವರು ಅವರು.

ಪೊಲೀಸರ ಸಂಘ ಸುಮ್ಮನಿರಲಿಲ್ಲ. ಅದರ ಅಧ್ಯಕ್ಷ ಜಾನ್ ಕ್ಯಾಸೀಸ್, ಅಲ್ಪಸಂಖ್ಯಾತರ ಗೊಣಗಾಟಕ್ಕೆ ಮಣಿದದ್ದು ಸಾಕೆಂದು ಬಹಿರಂಗವಾಗಿಯೇ ಗುಡುಗಿದರು. ಸಂಘ ಸಹಿ ಸಂಗ್ರಹಿಸಿ, ಮಂಡಳಿಯ ಅಳಿವು ಉಳಿವನ್ನು ಜನಮತಕ್ಕೆ ಎಳೆದು ತಂದಿತು. ನಗರದ ತುಂಬ ಒಂದು ಜಾಹೀರಾತು ಕಾಣಿಸಿಕೊಂಡಿತು: ಇರುಳು, ನೆಲದಡಿಯ ರೈಲು ನಿಲ್ದಾಣದ ಮೆಟ್ಟಿಲೇರಿ ನಿರ್ಜನ ಬೀದಿಗೆ ಕಾಲಿಡುತ್ತಿರುವ ಒಬ್ಬಂಟಿ ಬಿಳಿಯ ಯುವತಿ. ಮಂಡಳಿ ಉಳಿದರೆ ಪೊಲೀಸನ ಕೈ ಹಿಂಜರಿಯುತ್ತದೆ, ಆಗ ಇವಳ ಗತಿಯೇನು ಎಂಬುದು ಅದರ ಇಂಗಿತ. ಯಾರನ್ನು ಕಂಡು ಹೆದರಬೇಕೆಂದು ಚಿತ್ರ ಬಾಯಿಬಿಟ್ಟು ಹೇಳಲಿಲ್ಲ. ನೋಡಿದವರಿಗೆ ಹೇಳಬೇಕಾಗಿಯೂ ಇರಲಿಲ್ಲ. ಸೆನೆಟರುಗಳಾದ ರಾಬರ್ಟ್ ಕೆನಡಿ, ಜೇಕಬ್ ಜಾವಿಟ್ಸ್ ಇಬ್ಬರೂ ಪಕ್ಷಭೇದ ಮರೆತು ಮಂಡಳಿಯ ಪರ ನಿಂತರು. ಅವರು ನ್ಯಾಯದ ಮಾತಾಡಿದರು. ಎದುರಾಳಿಗಳು ಭಯದ ಮಾತಾಡಿದರು.

ನವೆಂಬರ್ 8ರಂದು ಮತದಾನ. ನೂರಕ್ಕೆ ಸುಮಾರು 63 ಮತಗಳು ಮಂಡಳಿಯ ವಿರುದ್ಧ ಬಿದ್ದವು. ನಗರದ ಐದು ವಿಭಾಗಗಳಲ್ಲಿ ಅದರ ಕೈಹಿಡಿದದ್ದು ಮ್ಯಾನ್‌ಹಟನ್ ಒಂದೇ. ಜುಲೈಯಲ್ಲಿ ಕೆಲಸ ಆರಂಭಿಸಿದ್ದ ಮಂಡಳಿ ಚಳಿಗಾಲ ಕಾಣುವ ಮೊದಲೇ ಮುಗಿದುಹೋಯಿತು. ದೂರು ವಿಚಾರಣೆ ಮತ್ತೆ ಇಲಾಖೆಯವರ ಪಾಲಾಯಿತು.

ಪೊಲೀಸರನ್ನು ಪೊಲೀಸರೇ ನೋಡಿಕೊಳ್ಳುತ್ತಾರೆಂಬ ಭರವಸೆ ಹೆಚ್ಚು ಕಾಲ ಬಾಳಲಿಲ್ಲ. ಇಲಾಖೆಯೊಳಗೆ ಬೇರೂರಿದ ಲಂಚಗುಳಿತನದ ಬಗ್ಗೆ ಫ್ರಾಂಕ್ ಸರ್ಪಿಕೊ ಎಂಬ ಪೊಲೀಸನೇ ಮೇಲಧಿಕಾರಿಗಳಿಗೆ ಹೇಳಿ ಹೇಳಿ ಸೋತು, ಕೊನೆಗೆ ಪತ್ರಿಕೆಯ ಬಾಗಿಲು ತಟ್ಟಿದ. 1970ರಲ್ಲಿ ಸುದ್ದಿ ಹೊರಬಿದ್ದ ಮೇಲೆ ಲಿಂಡ್ಸೆ ವಕೀಲ ವಿಟ್‌ಮನ್ ನ್ಯಾಪ್ ನೇತೃತ್ವದ ಆಯೋಗವನ್ನು ನೇಮಿಸಲೇಬೇಕಾಯಿತು.

ನಾಗರಿಕರು ಮಂಡಳಿಗೆ ಮರಳಿದ್ದು ಎಂಬತ್ತರ ದಶಕದಲ್ಲಿ. ಅದನ್ನು ಪೂರ್ತಿ ನಾಗರಿಕರದ್ದಾಗಿಸಲು ನಗರದ ಮೊದಲ ಕಪ್ಪು ಮೇಯರ್ ಡೇವಿಡ್ ಡಿಂಕಿನ್ಸ್ ಹೊರಟಾಗ, 1992ರ ಸೆಪ್ಟೆಂಬರ್ 16ರಂದು ಸಾವಿರಾರು ಪೊಲೀಸರು ಸಿಟಿ ಹಾಲ್‌ಗೆ ನುಗ್ಗಿ ಬ್ರೂಕ್ಲಿನ್ ಸೇತುವೆಯ ಸಂಚಾರ ತಡೆದರು. ಶಿಸ್ತು ಕಾಯಬೇಕಾದವರ ಆ ದಾಂಧಲೆ ಡಿಂಕಿನ್ಸ್‌ರ ವಾದಕ್ಕೇ ಬಲ ತಂದಿತು. ಮರುವರ್ಷ ಹದಿಮೂರು ಸದಸ್ಯರ ಮಂಡಳಿ ಕೆಲಸಕ್ಕೆ ಇಳಿಯಿತು. ತನಿಖೆಗೆ ಸ್ವಂತ ನಾಗರಿಕ ಸಿಬ್ಬಂದಿ, ಸಾಕ್ಷಿಗಳಿಗೆ ಸಮನ್ಸ್ ಕೊಡುವ ಅಧಿಕಾರ ಅದಕ್ಕೆ ದಕ್ಕಿದವು. ಶಿಕ್ಷೆಯ ಕೊನೆಯ ಮಾತು ಮಾತ್ರ ಅಂದೂ ಕಮಿಷನರರ ಕೈಯಲ್ಲೇ ಉಳಿಯಿತು. ಇಪ್ಪತ್ತೇಳು ವರ್ಷಗಳ ಕಾದಾಟದಲ್ಲಿ ನಾಗರಿಕರು ಗೆದ್ದುಕೊಂಡದ್ದು ಕೇಳುವ ಹಕ್ಕನ್ನು; ದಂಡಿಸುವ ಹಕ್ಕನ್ನಲ್ಲ.