ಅಕ್ಷರ ಕಪ್ಪು, ಗುರುತು ಕೆಂಪು

ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವವರ ಪರದೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಬಣ್ಣ. ಕಪ್ಪು ಹಿನ್ನೆಲೆಯ ಮೇಲೆ ಒಂದು ಪದ ಹಳದಿ, ಇನ್ನೊಂದು ಹಸಿರು, ಮತ್ತೊಂದು ಸಾಲು ಇಡಿಯಾಗಿ ಬೂದು. ಇದು ಬರೀ ಅಲಂಕಾರವೆಂದು ಹೊರಗಿನವರು ಭಾವಿಸುವುದು ಸಹಜ. ವಾಸ್ತವದಲ್ಲಿ ಇದು ಓದಿಗೆ ನೆರವಾಗುವ ಒಂದು ವ್ಯವಸ್ಥೆ. ಇದಕ್ಕೆ ತನ್ನದೇ ಚರಿತ್ರೆಯಿದೆ. ಇದರ ಸುತ್ತ ನಡೆದಿರುವ ವಾದವಂತೂ ಕಂಪ್ಯೂಟರಿಗಿಂತ ಬಹಳ ಹಳೆಯದು.

ಒಂದು ಕಾಲದಲ್ಲಿ ಪ್ರೋಗ್ರಾಮರುಗಳ ಪರದೆಗೆ ಸಾಮಾನ್ಯವಾಗಿ ಇದ್ದದ್ದು ಒಂದೇ ಬಣ್ಣ. 1985ರಲ್ಲಿ ಐಬಿಎಂ ಸಂಸ್ಥೆಯ ಮೈಕ್ ಕೌಲಿಶಾ ‘ಲೆಕ್ಸ್’ ಎಂಬ ಎಡಿಟರ್ ಸಿದ್ಧಪಡಿಸಿದರು. ಎಡಿಟರ್ ಎಂದರೆ ಬರೆಯಲು, ತಿದ್ದಲು ಬಳಸುವ ತಂತ್ರಾಂಶ. ಟೈಪ್ ಮಾಡುತ್ತಿದ್ದಂತೆಯೇ ಬರಹದ ರಚನೆಯನ್ನು ಗುರುತಿಸಿ ಬಣ್ಣ ಹಚ್ಚಿದ ಮೊದಲಿಗರಲ್ಲಿ ಅದೂ ಒಂದು. ಆದರೆ ಅದು ಹುಟ್ಟಿದ್ದು ಪ್ರೋಗ್ರಾಮಿಗಾಗಿ ಅಲ್ಲ, ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟನ್ನು ಕಂಪ್ಯೂಟರಿಗೆ ಏರಿಸುವ ಕೆಲಸಕ್ಕಾಗಿ. ಮೂಲಪದ, ಉಚ್ಚಾರಣೆ, ಅರ್ಥ, ಉದಾಹರಣೆ ಎಲ್ಲವೂ ಒತ್ತೊತ್ತಾಗಿ ತುಂಬಿದ ಪುಟದಲ್ಲಿ ಯಾವುದು ಯಾವುದೆಂದು ತಿಳಿಯಲು ಕಣ್ಣಿಗೆ ನೆರವು ಬೇಕಿತ್ತು. ಆ ನಿಘಂಟಿನ ಎರಡನೆಯ ಆವೃತ್ತಿ 1989ರಲ್ಲಿ 20 ಸಂಪುಟಗಳಾಗಿ ಹೊರಬಂತು.

ಈ ಸೌಲಭ್ಯ ಸಾಮಾನ್ಯ ಪ್ರೋಗ್ರಾಮರುಗಳ ಕೈಗೆ ಬರಲು ನೆರವಾದವುಗಳಲ್ಲಿ ನೆದರ್‌ಲ್ಯಾಂಡ್ಸ್‌ನ ಬ್ರಾಮ್ ಮೊಲೆನಾರ್ ರೂಪಿಸಿದ ‘ವಿಮ್’ ಒಂದು. 1991ರಲ್ಲಿ ಬಿಡುಗಡೆಯಾದ ಈ ಎಡಿಟರಿಗೆ ಬಣ್ಣ ಬಂದದ್ದು 1998ರ 5.0 ಆವೃತ್ತಿಯಲ್ಲಿ. ಮೊಲೆನಾರ್ ಇದಕ್ಕೆ ಬೆಲೆ ಕೇಳಲಿಲ್ಲ. ಉಪಯೋಗವಾಯಿತೆನ್ನಿಸಿದರೆ ಉಗಾಂಡಾದ ಕಿಬಾಲೆಯ ಬಡ ಮಕ್ಕಳಿಗೆ ಕೈಲಾದಷ್ಟು ನೆರವು ಕೊಡಿ ಎಂದರು. 2023ರಲ್ಲಿ ಅವರು ತೀರಿಕೊಂಡರು.

ವಿಮ್‌ನಲ್ಲಿ ಬಣ್ಣ ಹೊಂದಿಸುವುದು ಕಷ್ಟವಲ್ಲ. ‘ವಿಮ್‌ಆರ್‌ಸಿ’ ಎಂಬ ಕಡತದಲ್ಲಿ ‘ಸಿಂಟ್ಯಾಕ್ಸ್ ಆನ್’ ಎಂದು ಒಂದು ಸಾಲು, ‘ಕಲರ್‌ಸ್ಕೀಮ್’ ಎಂದು ಬರೆದು ಬೇಕಾದ ವರ್ಣಯೋಜನೆಯ ಹೆಸರು ಇನ್ನೊಂದು ಸಾಲು. ಇಲ್ಲಿ ಕೆಲಸ ಎರಡು ಪಾಲಾಗಿದೆ. ಯಾವ ಪದ ಆಜ್ಞೆ, ಯಾವುದು ಸಂಖ್ಯೆ, ಯಾವುದು ಟಿಪ್ಪಣಿ ಎಂದು ಒಂದು ಕಡತ ವಿಂಗಡಿಸುತ್ತದೆ. ಯಾವ ವರ್ಗಕ್ಕೆ ಯಾವ ಬಣ್ಣ ಎಂದು ಇನ್ನೊಂದು ನಿರ್ಧರಿಸುತ್ತದೆ. ಎಲ್ಲೋ ಒಂದು ಉದ್ಧರಣ ಚಿಹ್ನೆ ಮುಚ್ಚದೆ ಉಳಿದರೆ ಮುಂದಿನ ಬರಹವೂ ಅದೇ ಬಣ್ಣಕ್ಕೆ ತಿರುಗಿ ತಪ್ಪು ಅಲ್ಲೇ ಗೊತ್ತಾಗುತ್ತದೆ. ಆದರೆ ಪ್ರೋಗ್ರಾಮಿನ ಕಡತದೊಳಗೆ ಬಣ್ಣದ ಸುಳಿವೂ ಇರುವುದಿಲ್ಲ. ಅದೇ ಕಡತವನ್ನು ಇನ್ನೊಬ್ಬರು ತೆರೆದರೆ ಅವರಿಗೆ ಅವರದೇ ಬಣ್ಣಗಳು ಕಾಣುತ್ತವೆ.

ಬಣ್ಣದ ಆಯ್ಕೆಯೂ ಹಗುರವಾದ ವಿಷಯವಲ್ಲ. 2011ರಲ್ಲಿ ಈಥನ್ ಸ್ಕೂನೋವರ್ ‘ಸೋಲರೈಸ್ಡ್’ ಎಂಬ ವರ್ಣಯೋಜನೆ ರೂಪಿಸಿದರು. ಅದರಲ್ಲಿರುವುದು 16 ಬಣ್ಣಗಳು. ಬೆಳಕಿನ ಹಿನ್ನೆಲೆಗೂ ಕತ್ತಲ ಹಿನ್ನೆಲೆಗೂ ಅವೇ ಹೊಂದುತ್ತವೆ. ಯುರೋಪ್ ಮೂಲದ ಗಂಡಸರಲ್ಲಿ ಸುಮಾರು ಶೇ. 8 ಮಂದಿಗೆ ಕೆಂಪು ಹಸಿರುಗಳ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ. ಬರೀ ಈ ಎರಡನ್ನೇ ನಂಬಿದ ಯೋಜನೆ ಅವರ ಪಾಲಿಗೆ ನಿರುಪಯುಕ್ತ.

ಬಣ್ಣವೇ ಬೇಡ ಎನ್ನುವವರೂ ಇದ್ದಾರೆ. ‘ಗೋ’ ಭಾಷೆಯನ್ನು ರೂಪಿಸಿದವರಲ್ಲೊಬ್ಬರಾದ ರಾಬ್ ಪೈಕ್ ಇದನ್ನು ಬಾಲಿಶವೆಂದರು. ಚಿಕ್ಕಂದಿನಲ್ಲಿ ಬಣ್ಣದ ಕಡ್ಡಿಗಳಿಂದ ಲೆಕ್ಕ ಕಲಿತರೂ ಬೆಳೆದ ಮೇಲೆ ತಮಗೆ ಒಂದೇ ಬಣ್ಣದ ಅಂಕಿಗಳು ಸಾಕು ಎಂಬುದು ಅವರ ವಾದ.

ಇಂಥ ಚರ್ಚೆಯನ್ನು ಬಲ್ಲವರು ನಾವು. ಆರಂಭ ಕಾಲದ ಕುರ್‌ಆನ್ ಪ್ರತಿಗಳಲ್ಲಿ ಸ್ವರಚಿಹ್ನೆಗಳಿರಲಿಲ್ಲ. ಅರಬಿ ಮನೆಮಾತಲ್ಲದವರು ಇಸ್ಲಾಮಿಗೆ ಬಂದಂತೆ ಓದಿನಲ್ಲಿ ತಪ್ಪುಗಳಾಗತೊಡಗಿದವು. ಆಗ ಬಸ್ರಾದ ಅಬುಲ್ ಅಸ್ವದ್ ಅದ್ದುಅಲೀ (ನಿಧನ ಹಿಜರಿ 69) ಲಿಪಿಕಾರನನ್ನು ಎದುರಿಗೆ ಕೂರಿಸಿ, ಅಕ್ಷರದ ಶಾಯಿಗಿಂತ ಬೇರೆ ಬಣ್ಣದಲ್ಲಿ ಚುಕ್ಕಿ ಇಡಿಸಿದರೆಂದು ಪರಂಪರೆ ಹೇಳುತ್ತದೆ. ‘ಅ’ಕಾರಕ್ಕೆ ಮೇಲೆ, ‘ಇ’ಕಾರಕ್ಕೆ ಕೆಳಗೆ, ‘ಉ’ಕಾರಕ್ಕೆ ಪಕ್ಕದಲ್ಲಿ. ಅಂದಲೂಸಿನ ವಿದ್ವಾಂಸ ಅಬೂ ಅಮ್ರ್ ಅದ್ದಾನಿ (ನಿಧನ 1053) ಈ ಚುಕ್ಕಿಗಳ ಕುರಿತೇ ಒಂದು ಗ್ರಂಥ ಬರೆದರು. ಮದೀನಾದವರು ಸ್ವರಕ್ಕೆ ಕೆಂಪು, ಹಮ್ಜಕ್ಕೆ ಹಳದಿ ಬಳಸುತ್ತಿದ್ದುದನ್ನು ದಾಖಲಿಸಿದರು. ಚುಕ್ಕಿಗೆ ಕಪ್ಪು ಶಾಯಿ ಅವರಿಗೆ ಒಪ್ಪಿಗೆಯಿರಲಿಲ್ಲ. ಮೂಲ ಬರಹದ ರೂಪ ಬದಲಾದೀತೆಂಬ ಭಯ ಅವರದು. ನೆರವು ಬೇಕು, ಆದರೆ ಅದು ಮೂಲದೊಂದಿಗೆ ಬೆರೆಯಬಾರದು.

ಇಮಾಮ್ ಮಾಲಿಕ್ (ರ) ಅವರ ಅಭಿಪ್ರಾಯ ಇನ್ನೂ ಸೂಕ್ಷ್ಮವಾದುದು. ಮೂಲ ಮುಸ್‌ಹಫ್‌ಗಳಿಗೆ ಚುಕ್ಕಿ ಬೇಡ, ಮಕ್ಕಳು ಕಲಿಯುವ ಪ್ರತಿಗಳಲ್ಲಿದ್ದರೆ ಅಡ್ಡಿಯಿಲ್ಲ ಎಂದರು. ಉರ್ದು ಕಲಿತವರಿಗೆ ಇದು ಬೇಗ ಅರ್ಥವಾಗುತ್ತದೆ. ಮಕ್ಕಳ ಕಾಯಿದಾದಲ್ಲಿ ಜೇರ್, ಜಬರ್, ಪೇಶ್ ಇರುತ್ತವೆ, ದೊಡ್ಡವರ ಪತ್ರಿಕೆಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಕನ್ನಡದಲ್ಲಾದರೆ ಕಾಗುಣಿತ ಅಕ್ಷರದ ಅಂಗವೇ ಆಗಿಬಿಟ್ಟಿದೆ.

ಬಸ್ರಾದ ಚುಕ್ಕಿಗೂ ವಿಮ್‌ನ ಬಣ್ಣಕ್ಕೂ ನೇರ ಸಂಬಂಧ ಕಲ್ಪಿಸುವುದು ನಮ್ಮ ಉದ್ದೇಶವಲ್ಲ. ದೇವವಾಣಿಯ ಗೌರವ ಬೇರೆ, ಮನುಷ್ಯ ಬರೆದ ಪ್ರೋಗ್ರಾಮ್ ಬೇರೆ. ಆದರೆ ಕಷ್ಟದ ಬರಹದೆದುರು ನಿಂತ ಹೊಸಬನ ಪಾಡು ಎರಡೂ ಕಡೆ ಒಂದೇ. ರಾಬ್ ಪೈಕ್ ಅವರ ಮಾತಿನಲ್ಲಿ ಕೊರತೆಯೆನಿಸುವುದು ಇಲ್ಲೇ. ಎಷ್ಟೇ ನುರಿತ ಪ್ರೋಗ್ರಾಮರೂ ಹೊಸ ಭಾಷೆಯೆದುರು, ಇನ್ನೊಬ್ಬರು ಬರೆದ ಸಾವಿರಾರು ಸಾಲುಗಳೆದುರು ವಿದ್ಯಾರ್ಥಿಯೇ. ಬೇಡವಾದವರಿಗೆ ‘ಸಿಂಟ್ಯಾಕ್ಸ್ ಆಫ್’ ಎಂಬ ಒಂದು ಆಜ್ಞೆ ಸಾಕು, ಮೂಲದ ಒಂದಕ್ಷರವೂ ಕದಲುವುದಿಲ್ಲ. ಮೂಲದ ಪಾವಿತ್ರ್ಯ ಕಾಯುವ ಹೆಸರಿನಲ್ಲಿ ಕಲಿಯುವವರನ್ನು ಬಾಗಿಲಲ್ಲೇ ನಿಲ್ಲಿಸಬೇಕಾಗಿಲ್ಲ ಎಂಬುದನ್ನು ನಮ್ಮ ಹಿರಿಯ ಲಿಪಿಕಾರರು ಒಂದು ಕೆಂಪು ಚುಕ್ಕಿಯಿಂದಲೇ ತೋರಿಸಿದ್ದರು.