ಕರಿಕಲ್ಲಿನ ಹೊಸ ಅರಮನೆ



ಅರಮನೆ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ಮೈಸೂರು. ಆದರೆ ಬೆಳಗಾವಿ ಜಿಲ್ಲೆಯ ಅಕ್ಕೋಳದಂಥ ಊರಿನಲ್ಲಿ ಬೆಳೆದವರಿಗೆ ಮೈಸೂರು ಬಹು ದೂರ, ಕೊಲ್ಲಾಪುರ ಬಹು ಹತ್ತಿರ. ಮಳೆಗಾಲದಲ್ಲಿ ಅಕ್ಕೋಳ–ಸಿದ್ನಾಳ ಸೇತುವೆಯನ್ನು ಮುಳುಗಿಸುವ ವೇದಗಂಗೆಯ ನೀರು ಕೊಲ್ಲಾಪುರ ಜಿಲ್ಲೆಯ ಬೆಟ್ಟಗಳಿಂದಲೇ ಇಳಿದು ಬರುತ್ತದೆ. ನಿಪ್ಪಾಣಿಯಿಂದ ಹೆದ್ದಾರಿ ಹಿಡಿದರೆ ಸುಮಾರು 40 ಕಿಲೋಮೀಟರ್. ಒಂದು ರವಿವಾರ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ, ವಿಕ್ಟೋರಿಯಾ ರಾಣಿಯ ಕಾಲದ ಒಂದು ಭವ್ಯ ಭವನವನ್ನು ನೋಡಿ ಸಂಜೆಗೆ ಮನೆ ಸೇರಬಹುದು. ಬನ್ನಿ, ಅಲ್ಲಿಗೆ ಹೋಗೋಣ. ದಾರಿಯಲ್ಲಿ ಸಿಗುವ ಕಾಗಲ ಎಂಬ ಊರನ್ನು ಮಾತ್ರ ನೆನಪಿನಲ್ಲಿಟ್ಟುಕೊಳ್ಳಿ. ಈ ಕಥೆಯಲ್ಲಿ ಅದು ಮತ್ತೆ ಬರಲಿದೆ.

ಕೊಲ್ಲಾಪುರದಲ್ಲಿ ಮಹಾಲಕ್ಷ್ಮಿ ಗುಡಿಯ ಬಳಿ ಹಳೆಯ ಅರಮನೆ ಇದೆ. ನಾವು ನೋಡಹೊರಟಿರುವುದು ಅದನ್ನಲ್ಲ. ಊರಿನಿಂದ ಕಸಬಾ ಬಾವಡಾ ಕಡೆಗೆ ಹೋಗುವ ರಸ್ತೆಯಲ್ಲಿರುವ ‘ನ್ಯೂ ಪ್ಯಾಲೇಸ್’. ಕಟ್ಟಿ 140 ವರ್ಷ ದಾಟಿದರೂ ಜನ ಅದನ್ನು ಇನ್ನೂ ಹೊಸ ಅರಮನೆ ಎಂದೇ ಕರೆಯುತ್ತಾರೆ. 1877ರಲ್ಲಿ ಆರಂಭವಾಗಿ 1884ರಲ್ಲಿ ಮುಗಿದ ಈ ಕಟ್ಟಡಕ್ಕೆ ಆಗಿನ ಕಾಲದಲ್ಲಿ ಸುಮಾರು 7 ಲಕ್ಷ ರೂಪಾಯಿ ಖರ್ಚಾಯಿತು.

ಎದುರಿಗೆ ನಿಂತು ನೋಡಿ. ಎಂಟು ಮೂಲೆಯ ಕಟ್ಟಡ, ನಡುವೆ ಎದ್ದುನಿಂತ ಗಡಿಯಾರದ ಗೋಪುರ. ಗೋಪುರ ಇಂಗ್ಲೆಂಡಿನ ಯಾವುದೋ ಊರನ್ನು ನೆನಪಿಸುತ್ತದೆ. ಕಂಬ, ಚಾಚುಪೀಠಗಳು ಗುಜರಾತು, ರಾಜಸ್ಥಾನದ ಜೈನ ಬಸದಿಗಳನ್ನು ನೆನಪಿಸುತ್ತವೆ. ಎಸಳು ಎಸಳಾದ ಕಮಾನುಗಳು ಮುಸ್ಲಿಂ ವಾಸ್ತುಶಿಲ್ಪದಿಂದ ಬಂದವು. ಹೀಗೆ ಹಲವು ಶೈಲಿಗಳನ್ನು ಬೆರೆಸಿ ಕಟ್ಟುವ ಪದ್ಧತಿಯನ್ನು ಇಂಡೋ–ಸಾರಾಸೆನಿಕ್ ಎನ್ನುತ್ತಾರೆ.

ಇಂಥ ಕಟ್ಟಡದ ಮುಂದೆ ಕ್ಯಾಮೆರಾ ಇಟ್ಟವರಿಗೆ ಮೊದಲು ಎದುರಾಗುವುದು ಬೆಳಕಿನ ಸಮಸ್ಯೆ. ಆಕಾಶ ಸರಿಯಾಗಿ ಕಾಣಲೆಂದು ಹೊಂದಿಸಿದರೆ ಗೋಡೆ ಬರೀ ಕತ್ತಲೆ. ಗೋಡೆಯ ಕೆತ್ತನೆ ಕಾಣಲೆಂದು ಹೊಂದಿಸಿದರೆ ಆಕಾಶ ಬೆಳ್ಳಗೆ ಅಳಿಸಿಹೋಗುತ್ತದೆ. ಕಾರಣ, ಇದು ಕರಿಕಲ್ಲಿನ ಕಟ್ಟಡ. ಈ ಕಲ್ಲಿನ ಹೆಸರು ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿದ ಲಾವಾರಸ ಪದರ ಪದರವಾಗಿ ಹರಡಿ ತಣ್ಣಗಾಗಿ ದಖ್ಖನ್ನಿನ ಈ ಕಲ್ಲಾಯಿತು. ಅದೇ ಕಲ್ಲು ಮಳೆಬಿಸಿಲಿಗೆ ಸವೆದು ನಮ್ಮ ಎರೆಮಣ್ಣಾಯಿತು. ನಿಪ್ಪಾಣಿ ಸುತ್ತಲಿನ ತಂಬಾಕಿನ ಹೊಲಕ್ಕೂ ಕೊಲ್ಲಾಪುರದ ಅರಮನೆಯ ಗೋಡೆಗೂ ಮೂಲ ಒಂದೇ ಎಂದರೆ ನಿಮಗೆ ಆಶ್ಚರ್ಯವಾಗಬಹುದು.

ಈ ಅರಮನೆಯ ನಕ್ಷೆ ತಯಾರಿಸಿದವರು ಚಾರ್ಲ್ಸ್ ಮ್ಯಾಂಟ್. ಬ್ರಿಟಿಷ್ ಸೈನ್ಯದ ರಾಯಲ್ ಎಂಜಿನಿಯರ್ಸ್ ದಳದ ಅಧಿಕಾರಿ. ಕೊಲ್ಲಾಪುರದ ಟೌನ್ ಹಾಲ್, ಅಜ್ಮೀರದ ಮೇಯೋ ಕಾಲೇಜು, ಬರೋಡೆಯ ಲಕ್ಷ್ಮೀವಿಲಾಸ ಅರಮನೆ ಇವೆಲ್ಲ ಅವರ ಕಲ್ಪನೆಯೇ. ಇವುಗಳಿಗಿಂತ ವಿಚಿತ್ರವಾದ ಇನ್ನೊಂದು ರಚನೆ ಇಟಲಿಯಲ್ಲಿದೆ. ಕೊಲ್ಲಾಪುರದ ತರುಣ ದೊರೆ ರಾಜಾರಾಮ ಮಹಾರಾಜರು 1870ರಲ್ಲಿ ಇಂಗ್ಲೆಂಡ್ ಪ್ರವಾಸ ಮುಗಿಸಿ ಮರಳುವಾಗ ನವೆಂಬರ್ 30ರಂದು ಫ್ಲಾರೆನ್ಸ್ ನಗರದಲ್ಲಿ ತೀರಿಕೊಂಡರು. ವಯಸ್ಸು ಕೇವಲ 20. ಅಲ್ಲಿನ ಅರ್ನೋ ಮತ್ತು ಮುನ್ಯೋನೆ ನದಿಗಳ ಸಂಗಮದಲ್ಲಿ ದಹನಸಂಸ್ಕಾರವಾಯಿತು. ಆ ಜಾಗದಲ್ಲಿ 1874ರಲ್ಲಿ ಎದ್ದ ಛತ್ರಿಯ ಶಿಲ್ಪಿಯೂ ಮ್ಯಾಂಟರೇ. ಹತ್ತಿರದ ಸೇತುವೆಯನ್ನು ಫ್ಲಾರೆನ್ಸಿನ ಜನ ಇಂದಿಗೂ ‘ಭಾರತೀಯನ ಸೇತುವೆ’ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ.

ರಾಜಾರಾಮರಿಗೆ ಮಕ್ಕಳಿರಲಿಲ್ಲ. 1871ರಲ್ಲಿ ಒಬ್ಬ ಬಾಲಕನನ್ನು ದತ್ತು ತೆಗೆದುಕೊಂಡು ಶಿವಾಜಿ ಎಂಬ ಹೆಸರಿನಲ್ಲಿ ಗಾದಿಗೆ ಕೂಡಿಸಿದರು. ಅರಮನೆ ಏಳತೊಡಗಿದ್ದು ಈ ಹುಡುಗ ದೊರೆಯ ಕಾಲದಲ್ಲಿ. ಗೋಡೆಗಳು ಏರುತ್ತಿದ್ದಂತೆ ಅವನ ಬದುಕು ಕುಸಿಯುತ್ತ ಹೋಯಿತು. ಅವನಿಗೆ ಬುದ್ಧಿಭ್ರಮಣೆಯಾಗಿದೆ ಎಂದು ಸರಕಾರ ಸಾರಿತು. ಮೇಲ್ವಿಚಾರಕರು ಅವನನ್ನು ಹಿಂಸಿಸುತ್ತಿದ್ದಾರೆ ಎಂಬ ಸುದ್ದಿ ಹಬ್ಬಿತು. ಪುಣೆಯ ‘ಕೇಸರಿ’ ಮತ್ತು ‘ಮರಾಠಾ’ ಪತ್ರಿಕೆಗಳಲ್ಲಿ ಟಿಳಕ ಮತ್ತು ಆಗರಕರ ಕೊಲ್ಲಾಪುರದ ದಿವಾನ ಬರ್ವೆಯವರ ಮೇಲೆ ಆರೋಪ ಹೊರಿಸಿದರು. ದಿವಾನರು ಮಾನನಷ್ಟದ ಮೊಕದ್ದಮೆ ಹೂಡಿದರು. ಆಧಾರವೆಂದು ನಂಬಿದ್ದ ಕಾಗದಗಳು ನಕಲಿ ಎಂದು ಕೋರ್ಟಿನಲ್ಲಿ ತಿಳಿದುಬಂತು. 1882ರಲ್ಲಿ ಇಬ್ಬರೂ ಮುಂಬಯಿಯ ಡೋಂಗ್ರಿ ಜೈಲಿನಲ್ಲಿ 101 ದಿನ ಕಳೆದರು. ಟಿಳಕರ ಮೊದಲ ಸೆರೆವಾಸ ಇದೇ. ದೊರೆಯನ್ನು ಅಹಮದನಗರದ ಕೋಟೆಯಲ್ಲಿ ಇಟ್ಟಿದ್ದರು. ಅಲ್ಲಿ 1883ರ ಡಿಸೆಂಬರ್ 25ರಂದು, ಕಾವಲಿಗಿದ್ದ ಬ್ರಿಟಿಷ್ ಸಿಪಾಯಿಯೊಬ್ಬನೊಡನೆ ನಡೆದ ಜಟಾಪಟಿಯಲ್ಲಿ ಅವನು ಸತ್ತ. ಅರಮನೆ ಸಿದ್ಧವಾದದ್ದು ಮರುವರ್ಷ.

ಅಷ್ಟರಲ್ಲಿ ಮ್ಯಾಂಟರೂ ಇರಲಿಲ್ಲ. ಅವರು 1881ರಲ್ಲೇ ತೀರಿಕೊಂಡಿದ್ದರು. ತಮ್ಮ ಲೆಕ್ಕ ತಪ್ಪಾಗಿದೆ, ತಾವು ಕಟ್ಟಿದ ಅರಮನೆಗಳು ಕುಸಿದುಬೀಳುತ್ತವೆ ಎಂಬ ಭಯ ಅವರನ್ನು ಹಿಡಿದಿತ್ತು, ಆ ಭಯದಲ್ಲೇ ಪ್ರಾಣ ಕಳೆದುಕೊಂಡರು ಎಂದು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಕಟ್ಟಡಗಳಂತೂ ಬೀಳಲಿಲ್ಲ. ಬರೋಡೆಯ ಅರಮನೆಯನ್ನು ರಾಬರ್ಟ್ ಚಿಸ್ಹೋಮ್ 1890ರಲ್ಲಿ ಮುಗಿಸಿದರು. ಅದೂ ಗಟ್ಟಿಯಾಗಿ ನಿಂತಿದೆ. ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಕಲ್ಲಿಗೆ ಒತ್ತಡ ತಾಳುವ ಶಕ್ತಿ ಬಹಳ, ಎಳೆತ ತಾಳುವ ಶಕ್ತಿ ಕಡಿಮೆ. ಕಮಾನಿನಲ್ಲಿ ಪ್ರತಿ ಕಲ್ಲೂ ಪಕ್ಕದ ಕಲ್ಲನ್ನು ಒತ್ತುತ್ತದೆ. ಹಾಗೆ ಮೇಲಿನ ಭಾರ ಓರೆಯಾಗಿ ಇಳಿದು ಕಂಬಕ್ಕೂ ಪಾಯಕ್ಕೂ ಸೇರುತ್ತದೆ. ಭಾರದ ಆ ದಾರಿ ಗೋಡೆಯ ದಪ್ಪದೊಳಗೇ ಉಳಿಯುವವರೆಗೆ ಕಟ್ಟಡಕ್ಕೆ ಭಯವಿಲ್ಲ. ದರ್ಬಾರ್ ಹಾಲಿನ ಕಮಾನುಗಳ ಕೆಳಗೆ ನಿಂತಾಗ ಇದನ್ನು ನೆನೆಯಿರಿ.

ಈಗ ಕಾಗಲಕ್ಕೆ ಬರೋಣ. ಗಾದಿ ಮತ್ತೆ ಬರಿದಾಗಿತ್ತು. 1884ರ ಮಾರ್ಚ್ 17ರಂದು ಕಾಗಲದ ಘಾಟಗೆ ಮನೆತನದ 9 ವರ್ಷದ ಯಶವಂತರಾವ್ ಎಂಬ ಹುಡುಗನನ್ನು ದತ್ತು ತೆಗೆದುಕೊಂಡರು. ಅವನೇ ಮುಂದೆ ರಾಜರ್ಷಿ ಶಾಹು ಮಹಾರಾಜ. ತಾಯಿ ರಾಧಾಬಾಯಿ ನಮ್ಮ ಮುಧೋಳ ಸಂಸ್ಥಾನದ ಮಗಳು. ಹುಡುಗ ಮೊದಲು ರಾಜಕೋಟೆಯಲ್ಲಿ ಓದಿದ. ಬಳಿಕ 1890ರಿಂದ 1894ರವರೆಗೆ ಧಾರವಾಡದಲ್ಲಿ ಎಸ್. ಎಂ. ಫ್ರೇಜರ್ ಎಂಬ ಅಧಿಕಾರಿಯ ಕೈಕೆಳಗೆ ಕಲಿತ. ಇದೇ ಫ್ರೇಜರ್ ಮುಂದೆ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಗುರುಗಳಾದರು. ಸರಕಾರಿ ನೌಕರಿಯಲ್ಲಿ ಹಿಂದುಳಿದವರಿಗೆ ಪಾಲು ಸಿಗಬೇಕೆಂದು ಈ ಇಬ್ಬರು ಶಿಷ್ಯರೂ ಹೆಜ್ಜೆ ಇಟ್ಟದ್ದು ನಿಜ. ಮೈಸೂರಿನಲ್ಲಿ ಮಿಲ್ಲರ್ ಸಮಿತಿ ನೇಮಕವಾದದ್ದು 1918ರಲ್ಲಿ. ಆದರೆ ಗುರು ಒಬ್ಬರೇ ಆದ್ದರಿಂದ ಹೀಗಾಯಿತು ಎಂದು ಅವಸರದಿಂದ ತೀರ್ಮಾನಿಸಬೇಡಿ. ಎರಡೂ ಕಡೆ ಜನರ ಒತ್ತಾಯವಿತ್ತು. ಕೊಲ್ಲಾಪುರದಲ್ಲಿ ದೊರೆಯ ಸ್ವಂತ ಅನುಭವವೂ ಇತ್ತು.

ಆ ಅನುಭವ ಇದು. 1899ರಲ್ಲಿ ಪಂಚಗಂಗೆಯಲ್ಲಿ ಕಾರ್ತಿಕಸ್ನಾನ ಮಾಡುತ್ತಿದ್ದಾಗ ಪುರೋಹಿತ ವೇದಮಂತ್ರದ ಬದಲು ಪುರಾಣದ ಮಂತ್ರ ಹೇಳುತ್ತಿರುವುದು ಗಮನಕ್ಕೆ ಬಂತು. ಕೇಳಿದರೆ, ಶೂದ್ರರಿಗೆ ವೇದಮಂತ್ರವಿಲ್ಲ ಎಂಬ ಉತ್ತರ. ಅರಮನೆಯಲ್ಲಿರುವವನಿಗೇ ಹೀಗಾದರೆ ಗುಡಿಸಲಿನಲ್ಲಿರುವವನ ಗತಿ ಏನು? 1902ರ ಜುಲೈ 26ರಂದು, ಶಾಹು ಮಹಾರಾಜರು ಇಂಗ್ಲೆಂಡಿನಲ್ಲಿದ್ದಾಗ, ಸಂಸ್ಥಾನದ ಆದೇಶವೊಂದು ಪ್ರಕಟವಾಯಿತು. ಖಾಲಿಯಾಗುವ ಸರಕಾರಿ ಹುದ್ದೆಗಳಲ್ಲಿ ಶೇಕಡಾ 50ರಷ್ಟನ್ನು ಹಿಂದುಳಿದ ವರ್ಗಗಳಿಗೆ ಕೊಡಬೇಕು ಎಂಬುದೇ ಆ ಆದೇಶ. ಓದಿದವರೇ ಇಲ್ಲದಿದ್ದರೆ ನೌಕರಿಗೆ ಬರುವವರು ಯಾರು? ಅದಕ್ಕಾಗಿ ಮರಾಠ, ಜೈನ, ಲಿಂಗಾಯತ, ಮುಸ್ಲಿಂ ಹುಡುಗರಿಗೂ ಅಸ್ಪೃಶ್ಯರೆನಿಸಿದವರ ಮಕ್ಕಳಿಗೂ ವಸತಿಗೃಹಗಳು ತೆರೆದವು. 1917ರಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯವೂ ಉಚಿತವೂ ಆಯಿತು.

ಇವತ್ತು ಅರಮನೆಯ ನೆಲ ಅಂತಸ್ತು ವಸ್ತುಸಂಗ್ರಹಾಲಯ. ಮೇಲೆ ರಾಜಮನೆತನದವರ ವಾಸ. ಶಿವಾಜಿ ಮಹಾರಾಜರ ಜೀವನದ ಪ್ರಸಂಗಗಳನ್ನು ಮೂಡಿಸಿದ ಬಣ್ಣದ ಗಾಜುಗಳು, ಆಯುಧಗಳು, ಬೆಳ್ಳಿಯ ಅಂಬಾರಿ, ಬೇಟೆಯ ಪ್ರಾಣಿಗಳು ಅಲ್ಲಿವೆ. ಚೀತಾಗಳಿಂದ ಜಿಂಕೆ ಬೇಟೆಯಾಡಿಸುವುದು ಈ ಸಂಸ್ಥಾನದ ದೊಡ್ಡ ಹವ್ಯಾಸ. ನಮ್ಮ ಚೀತಾಗಳು ಸಿಗದಂತಾದಾಗ ಆಫ್ರಿಕಾದಿಂದ ತರಿಸಿದರು. ಭಾರತದಲ್ಲಿ ಚೀತಾ ನಿರ್ವಂಶವಾಯಿತೆಂದು 1952ರಲ್ಲಿ ಸಾರಲಾಯಿತು; 2022ರಲ್ಲಿ ಮತ್ತೆ ಆಫ್ರಿಕಾದಿಂದಲೇ ಕುನೋ ಕಾಡಿಗೆ ತರಬೇಕಾಯಿತು. ಆ ಕೋಣೆಯಲ್ಲಿ ನಿಂತಾಗ ಇದನ್ನೂ ಯೋಚಿಸಿ.

ಗಾಜಿನ ಪೆಟ್ಟಿಗೆಯಲ್ಲಿ ಇಡಲಾಗದ ಒಂದು ಸಂಗತಿಯೂ ಉಂಟು. ಗಂಗಾರಾಮ ಕಾಂಬಳೆ ಅರಮನೆಯ ಕುದುರೆಲಾಯದ ಆಳು. ಮೇಲ್ಜಾತಿಯವರ ನೀರು ಮುಟ್ಟಿದನೆಂದು ಜೊತೆಯ ಆಳುಗಳೇ ಅವರನ್ನು ಹೊಡೆದರು. ದೊರೆ ಹೊಡೆದವರನ್ನು ಶಿಕ್ಷಿಸಿ, ಕಾಂಬಳೆಯವರಿಗೆ ಊರ ನಡುವೆ ಚಹಾದ ಅಂಗಡಿ ಹಾಕಿಕೊಟ್ಟರು. ಅಲ್ಲಿಗೆ ಜನ ಬರಲಿಲ್ಲ. ಆಗ ದೊರೆ ತಾವೇ ಆ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಚಹಾ ತರಿಸಿ ಕುಡಿಯತೊಡಗಿದರು. ಜೊತೆಗಿದ್ದ ಸರದಾರರೂ ಕುಡಿಯಬೇಕಾಯಿತು.

ಶಾಹು ಮಹಾರಾಜರು 1922ರ ಮೇ 6ರಂದು ತೀರಿಕೊಂಡರು. ಅದಕ್ಕೆ ಎರಡು ವರ್ಷ ಮುಂಚೆ, 1920ರ ಮಾರ್ಚಿನಲ್ಲಿ, ಮಾಣಗಾಂವದ ಪರಿಷತ್ತಿನಲ್ಲಿ ತರುಣ ಡಾ. ಅಂಬೇಡ್ಕರರನ್ನು ತೋರಿಸಿ, ನಿಮಗೆ ನಿಮ್ಮ ನಾಯಕ ಸಿಕ್ಕಿದ್ದಾನೆ ಎಂಬ ಅರ್ಥದ ಮಾತನ್ನು ಜನರಿಗೆ ಹೇಳಿದ್ದರು. ಅದೇ ಅಂಬೇಡ್ಕರರು 1925ರಲ್ಲಿ ನಮ್ಮ ನಿಪ್ಪಾಣಿಗೆ ಬಂದು ಬಹಿಷ್ಕೃತರ ಪರಿಷತ್ತಿನಲ್ಲಿ ಮಾತನಾಡಿದರು.

ಆದ್ದರಿಂದ ಅರಮನೆ ನೋಡಿ ಬಂದ ಮೇಲೆ ನಿಮ್ಮ ಪ್ರವಾಸ ಮುಗಿಯಿತೆಂದು ತಿಳಿಯಬೇಡಿ. ನಿಪ್ಪಾಣಿಯಲ್ಲಿ, ಅಕ್ಕೋಳದಲ್ಲಿ, ನಿಮ್ಮ ಮನೆಯ ಹಿರಿಯರನ್ನು ಕೇಳಿ: ಆಗ ಊರ ಬಾವಿಯಿಂದ ಯಾರು ನೀರು ಸೇದುತ್ತಿದ್ದರು, ಯಾರು ಕಾಯುತ್ತ ನಿಲ್ಲುತ್ತಿದ್ದರು? ಮನೆಯಲ್ಲಿ ಮೊದಲು ಶಾಲೆಗೆ ಹೋದವರು ಯಾರು, ಅವರಿಗೆ ಊಟ ವಸತಿ ಎಲ್ಲಿ ಸಿಕ್ಕಿತು? ಅವರು ಹೇಳಿದ್ದನ್ನು ತಾರೀಖು ಹಾಕಿ ಒಂದು ವಹಿಯಲ್ಲಿ ಬರೆದಿಡಿ.