‘ಭಾಗ ಪಿರಿವಿನೈ’: ಮನೆ ಮುರಿದದ್ದು ಯಾರು, ಪಾಲು ಸಿಗದೇ ಹೋದದ್ದು ಯಾರಿಗೆ?

ಆಸ್ತಿ ಪಾಲಾಗುವುದನ್ನೇ ಹೆಸರಾಗಿಟ್ಟುಕೊಂಡ ಸಿನಿಮಾ ನಮ್ಮಲ್ಲಿ ಕಡಿಮೆ. 1959ರಲ್ಲಿ ಬಂದ ತಮಿಳಿನ ‘ಭಾಗ ಪಿರಿವಿನೈ’ ಅಂಥದ್ದೊಂದು. ಭಾಗ ಅಂದ್ರೆ ಪಾಲು, ಪಿರಿವಿನೈ ಅಂದ್ರೆ ಬೇರ್ಪಡೆ. ಇದೇ ಕಥೆ 1964ರಲ್ಲಿ ಕನ್ನಡಕ್ಕೆ ಬಂದಾಗ ಹೆಸರು ತಿರುಗಾಮುರುಗಾ ಆಯ್ತು: ‘ಮುರಿಯದ ಮನೆ’. ತಮಿಳಿನವರು ಆದದ್ದನ್ನು ಹೇಳಿದರು, ನಾವು ಆಗಬಾರದ್ದನ್ನು ಹೇಳಿದೆವು. ಅರುವತ್ತು ವರ್ಷ ಹಳೆಯ ಈ ಕಣ್ಣೀರಿನ ಕಥೆಯನ್ನು ಈಗ ಯಾಕೆ ನೋಡಬೇಕು ಅಂದ್ರೆ, ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಅಕ್ಕತಂಗಿಯರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವಾಗ ಇವತ್ತಿಗೂ ಕೆಲಸ ಮಾಡ್ತಿರೋದು ಅದೇ ಕಥೆಯ ನೀತಿ.

ಸಿನಿಮಾ ಏನು?

ನಿರ್ದೇಶಕ ಎ. ಭೀಮಸಿಂಗ್. ‘ಪ’ ಅಕ್ಷರದ ಹೆಸರುಗಳಿಗೂ (‘ಪಾಸಮಲರ್’, ‘ಪಾವ ಮನ್ನಿಪ್ಪು’, ‘ಪಾಲುಂ ಪಳಮುಂ’), ಕುಟುಂಬದ ಕಥೆಗಳಿಗೂ ಹೆಸರಾದವರು. ಸಂಗೀತ ವಿಶ್ವನಾಥನ್–ರಾಮಮೂರ್ತಿ ಜೋಡಿಯದು. ಆ ಸಾಲಿನ ಅತ್ಯುತ್ತಮ ತಮಿಳು ಚಿತ್ರವೆಂದು ರಾಷ್ಟ್ರ ಪ್ರಶಸ್ತಿಯೂ ಬಂತು.

ಕಥೆ ಇಷ್ಟು. ಒಂದೇ ಮನೆಯಲ್ಲಿ ಅಣ್ಣ ವೈದ್ಯಲಿಂಗಂ, ತಮ್ಮ ಸುಂದರಲಿಂಗಂ. ಅಣ್ಣನಿಗೆ ಮಕ್ಕಳಿಲ್ಲ. ತಮ್ಮನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಕಣ್ಣೈಯನ್ (ಶಿವಾಜಿ ಗಣೇಶನ್). ಚಿಕ್ಕಂದಿನಲ್ಲಿ ಕರೆಂಟ್ ಹೊಡೆದು ಎಡಗೈ, ಎಡಗಾಲು ಸ್ವಾಧೀನ ತಪ್ಪಿವೆ. ಕಿರಿಯವನು ಮಣಿ, ಪಟ್ಟಣದಲ್ಲಿ ಓದಿದವನು. ದೊಡ್ಡಮ್ಮ ಅಖಿಲಾಂಡಂಗೆ ಮಣಿ ಕಂಡರೆ ಮುದ್ದು, ಕಣ್ಣೈಯನ್ ಕಂಡರೆ ಆಗದು. ಅವಳ ಸಂಬಂಧಿ ಸಿಂಗಾರಂ (ಎಂ. ಆರ್. ರಾಧಾ) ಸಿಂಗಪುರದಿಂದ ಬಂದು ಕಿಡಿ ಹಚ್ಚುತ್ತಾನೆ. ಮನೆ ಪಾಲಾಗುತ್ತದೆ. ಆಮೇಲೆ ಸಂಕಟಗಳ ಸರಮಾಲೆ. ಕಡೆಗೆ ಎಲ್ಲರೂ ಮತ್ತೆ ಒಂದಾಗುತ್ತಾರೆ.

ಕನ್ನಡದ ನಂಟು ತಮಿಳು ಚಿತ್ರದಲ್ಲೇ ಇತ್ತು. ಕಣ್ಣೈಯನ್‌ನ ಹೆಂಡತಿ ಪೊನ್ನಿಯಾಗಿ ನಟಿಸಿದ್ದು ‘ಮಹಾಕವಿ ಕಾಳಿದಾಸ’ದಿಂದ ಬಂದ ಬಿ. ಸರೋಜಾದೇವಿ. ತಾಯಿಯ ಪಾತ್ರ ಎಂ. ವಿ. ರಾಜಮ್ಮ ಅವರದು. 1943ರಲ್ಲೇ ‘ರಾಧಾರಮಣ’ ಚಿತ್ರ ನಿರ್ಮಿಸಿದ್ದ ಗಟ್ಟಿ ಹೆಣ್ಣುಮಗಳು ಅವರು. ಕನ್ನಡದ ‘ಮುರಿಯದ ಮನೆ’ಯನ್ನು ನಿರ್ದೇಶಿಸಿದ್ದು ವೈ. ಆರ್. ಸ್ವಾಮಿ, ನಾಯಕ ರಾಜ್‌ಕುಮಾರ್. ಮರುವರ್ಷ ಭೀಮಸಿಂಗ್ ಅವರೇ ಹಿಂದಿಯಲ್ಲಿ ‘ಖಾಂದಾನ್’ ಮಾಡಿದರು.

ಈ ಮನೆಯಲ್ಲಿ ಮಗಳು ಎಲ್ಲಿ?

ಕಥೆಯನ್ನು ಇನ್ನೊಮ್ಮೆ ಓದಿ. ಪಾಲು ಯಾರ್ಯಾರ ನಡುವೆ? ಅಣ್ಣತಮ್ಮಂದಿರ ನಡುವೆ. ಜಗಳ ಶುರುವಾಗೋದು ಯಾರಿಂದ? ಹೊರಗಿಂದ ಬಂದ ಸೊಸೆ ಮತ್ತು ಅವಳ ಕಡೆಯವನಿಂದ. ಆ ಮನೆಯಲ್ಲಿ ಹುಟ್ಟಿದ ಹೆಣ್ಣುಮಗಳು ಎರಡು ತಲೆಮಾರಿನಲ್ಲೂ ಪಾಲಿನ ಲೆಕ್ಕಕ್ಕೆ ಬರುವುದೇ ಇಲ್ಲ. ಮನೆ ಮುರಿದ ಅಪವಾದ ಹೆಂಗಸಿನ ತಲೆಗೆ, ಪಾಲು ಗಂಡಸರ ಕೈಗೆ.

ಇದು ಭೀಮಸಿಂಗ್ ಒಬ್ಬರ ತಪ್ಪಲ್ಲ. ಆಗಿನ ಕಾನೂನೂ ಹೀಗೇ ಇತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಕುಟುಂಬ ವಾಸವಿರುವ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಹಕ್ಕಿದ್ದರೂ, ಗಂಡುಮಕ್ಕಳು ತಾವಾಗಿ ಪಾಲು ಮಾಡಿಕೊಳ್ಳುವ ತನಕ ಅವರು ಪಾಲು ಕೇಳುವಂತಿರಲಿಲ್ಲ. ಗಂಡನ ಮನೆಯಲ್ಲಿ ಬಾಳುತ್ತಿರುವ ಮಗಳಿಗೆ ಅಲ್ಲಿ ಬಂದು ಇರುವ ಹಕ್ಕೂ ಇರಲಿಲ್ಲ. ಅಂದ್ರೆ ಮನೆ ಮುರಿಯಬೇಕೋ ಬೇಡವೋ ಅಂತ ತೀರ್ಮಾನಿಸೋರು ಗಂಡಸರು ಮಾತ್ರ. ‘ಮುರಿಯದ ಮನೆ’ ಅನ್ನೋದು ಕಾನೂನಿನ ಪುಸ್ತಕದಲ್ಲೇ ಇತ್ತು. ಆ ಸೆಕ್ಷನ್ ಹೋಗಿದ್ದು 2005ರಲ್ಲಿ.

ಒಂಬತ್ತು ಎಕರೆಯ ಲೆಕ್ಕ

ಅಜ್ಜಂಪುರದ ಕಡೆಯ ಒಂದು ಕುಟುಂಬ ಅಂತ ಊಹಿಸಿಕೊಳ್ಳಿ. ಪಿತ್ರಾರ್ಜಿತ ಒಂಬತ್ತು ಎಕರೆ: ಒಂದಿಷ್ಟು ಅಡಿಕೆ, ತೆಂಗು, ಉಳಿದದ್ದು ಈರುಳ್ಳಿ, ರಾಗಿಯ ಹೊಲ. ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ತಾಯಿ ಇಲ್ಲ, ಅಪ್ಪ ಉಯಿಲು ಬರೆಯದೆ ತೀರಿಹೋಗಿದ್ದಾರೆ.

- 1933ರ ಮೈಸೂರು ಕಾಯ್ದೆ: ಅಜ್ಜಂಪುರ ಆಗ ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಯಲ್ಲಿತ್ತು. ಹಿಂದೂ ಮಹಿಳೆಯರ ಹಕ್ಕುಗಳಿಗಾಗಿ ಸಂಸ್ಥಾನ ತಂದ ಕಾಯ್ದೆ, ಪಾಲಿನ ಹೊತ್ತಿಗೆ ಮದುವೆಯಾಗದ ಮಗಳಿಗೆ ಅಣ್ಣನ ಪಾಲಿನ ಕಾಲು ಭಾಗ ಕೊಟ್ಟಿತು. ಲೆಕ್ಕ: 4-4-1. ಮದುವೆಯಾಗಿದ್ದರೆ ಅದೂ ಇಲ್ಲ.
- 1956ರ ಕೇಂದ್ರ ಕಾಯ್ದೆ: ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು ಗಂಡುಮಕ್ಕಳಿಗೆ ಮಾತ್ರ. ಅಪ್ಪನಿಗೆ, ಇಬ್ಬರು ಮಕ್ಕಳಿಗೆ ತಲಾ ಮೂರು ಎಕರೆ. ಅಪ್ಪನ ಮೂರರಲ್ಲಿ ಮಗಳಿಗೆ ಒಂದು. ಲೆಕ್ಕ ಮತ್ತೆ 4-4-1.
- 1994ರ ಕರ್ನಾಟಕ ತಿದ್ದುಪಡಿ: ಮಗಳಿಗೂ ಹುಟ್ಟಿನಿಂದ ಸಮಪಾಲು. ಆದರೆ 1994ರ ಜುಲೈ 30ಕ್ಕೆ ಮೊದಲೇ ಮದುವೆಯಾದವರು ಹೊರಗೆ.
- 2005ರ ಕೇಂದ್ರ ತಿದ್ದುಪಡಿ: ಸೆಪ್ಟೆಂಬರ್ 9ರಿಂದ ಜಾರಿ. ಮದುವೆಯ ಷರತ್ತು ಹೋಯಿತು. ಲೆಕ್ಕ: 3-3-3.

ಇದರ ಮೇಲೂ ಗೊಂದಲ ಉಳಿದಿತ್ತು: 2005ಕ್ಕೆ ಮೊದಲೇ ಅಪ್ಪ ತೀರಿಹೋಗಿದ್ದರೆ? ಕರ್ನಾಟಕದಿಂದಲೇ ಹೋದ ಎರಡು ಕೇಸುಗಳಲ್ಲಿ (2015ರ ಪ್ರಕಾಶ್ ವಿರುದ್ಧ ಫೂಲವತಿ, 2018ರ ದಾನಮ್ಮ ವಿರುದ್ಧ ಅಮರ್) ಸುಪ್ರೀಂ ಕೋರ್ಟು ಎರಡು ದಿಕ್ಕಿಗೆ ಮಾತಾಡಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಬಗೆಹರಿಸಿತು: ಹಕ್ಕು ಹುಟ್ಟಿನಿಂದ ಬರುವುದು, ಅಪ್ಪ 2005ರಲ್ಲಿ ಬದುಕಿರಲೇಬೇಕೆಂದಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲು ಸರಿಯಾಗಿ ನೋಂದಣಿಯಾದ ಅಥವಾ ಕೋರ್ಟ್ ಡಿಕ್ರಿಯಾದ ಪಾಲುಗಳನ್ನು ಮಾತ್ರ ಮುಟ್ಟುವಂತಿಲ್ಲ. ‘ಬಾಯಿಮಾತಲ್ಲಿ ಆಗ್ಲೇ ಪಾಲಾಗಿತ್ತು’ ಅನ್ನೋ ವಾದವನ್ನು ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ.

ಕಾನೂನು ಬದಲಾಯ್ತು, ಕಥೆ?

ಕಥೆ ಬದಲಾಗಲಿಲ್ಲ, ರೂಪ ಬದಲಿಸಿತು. ಭೀಮಸಿಂಗ್ 1961ರಲ್ಲಿ ‘ಪಾಸಮಲರ್’ ಮಾಡಿದರು. ಅಣ್ಣ ಶಿವಾಜಿ, ತಂಗಿ ಸಾವಿತ್ರಿ. ಇಲ್ಲಿ ತಂಗಿ ಇದ್ದಾಳೆ, ಆದರೆ ಹಕ್ಕುದಾರಳಾಗಿ ಅಲ್ಲ, ಅಣ್ಣನ ಪ್ರೀತಿಯ ಪಾತ್ರವಾಗಿ. ಆ ಅಚ್ಚು ನಮ್ಮಲ್ಲಿ ‘ತವರಿಗೆ ಬಾ ತಂಗಿ’ (2002), ‘ಅಣ್ಣ ತಂಗಿ’ (2005) ತನಕ ಬಂತು. ಎರಡರಲ್ಲೂ ಶಿವರಾಜ್‌ಕುಮಾರ್, ರಾಧಿಕಾ. ನಿರ್ದೇಶಕ ಓಂ ಸಾಯಿಪ್ರಕಾಶ್. ಸಂಸತ್ತು ಮಗಳಿಗೆ ಸಮಪಾಲು ಕೊಟ್ಟ ವರ್ಷವೇ ನಮ್ಮ ಥಿಯೇಟರುಗಳಲ್ಲಿ ಅಣ್ಣನ ವಾತ್ಸಲ್ಯಕ್ಕೆ ಕರ್ಚೀಫು ಒದ್ದೆಯಾಗ್ತಿತ್ತು.

ವಾತ್ಸಲ್ಯ ಸುಳ್ಳಲ್ಲ. ಗೌರಿ ಹಬ್ಬಕ್ಕೆ ತವರಿಂದ ಬರುವ ಬಾಗಿನ ಎಷ್ಟೋ ಹೆಣ್ಣುಮಕ್ಕಳಿಗೆ ನಿಜವಾದ ಬೆಂಬಲ. ಗಂಡನ ಮನೆಯಲ್ಲಿ ಕಷ್ಟ ಬಂದರೆ ಹೋಗಿ ನಿಲ್ಲಲು ಇರೋದು ಅದೊಂದೇ ಬಾಗಿಲು. ಆ ಬಾಗಿಲು ಮುಚ್ಚೀತೆಂಬ ಭಯಕ್ಕೇ ಸಹಿ ಬೀಳುವುದು. ಪೌತಿ ಖಾತೆಗೆ ವಂಶವೃಕ್ಷ ಬೇಕು, ಅದರಲ್ಲಿ ಹೆಣ್ಣುಮಕ್ಕಳ ಹೆಸರೂ ಇರಬೇಕು. ಆಗ ಅಣ್ಣನಿಂದ ಫೋನು ಬರುತ್ತೆ: ‘ಒಂದು ಸಹಿ ಇತ್ತು, ಬಂದು ಹೋಗವ್ವ.’ ಸೀರೆ, ಅರಿಶಿನ-ಕುಂಕುಮ, ಊಟ. ಸಹಿ ಹಾಕಿದರೆ ‘ನಮ್ಮ ಹುಡುಗಿ ಬಂಗಾರ’. ಹಾಕದಿದ್ದರೆ ‘ಮನೆ ಮುರಿಯಕ್ ಬಂದ್ಲು’. ಅಖಿಲಾಂಡಂಗೆ ಸಿನಿಮಾ ಕೊಟ್ಟ ಬಿರುದು ಈಗ ಮಗಳಿಗೆ.

ಭೂಮಿಯ ಬೆಲೆ ಏರಿದ ಹಾಗೆ ಈ ಸಹಿಯ ಬೆಲೆಯೂ ಏರಿದೆ. ಭದ್ರಾ ಮೇಲ್ದಂಡೆ ಯೋಜನೆಯ ಸುರಂಗ, ಕಾಲುವೆ ಹಾದುಹೋದ ಅಜ್ಜಂಪುರದಂಥ ಕಡೆ ಭೂಸ್ವಾಧೀನದ ಪರಿಹಾರ ಹೋಗುವುದು ದಾಖಲೆಯಲ್ಲಿ ಹೆಸರಿದ್ದವರಿಗೆ. ಹೆಸರು ಬಿಟ್ಟುಹೋದವಳು ಆಮೇಲೆ ಕೋರ್ಟಿಗೆ ಅಲೆಯಬೇಕು.

‘ಮದುವೆಗೆ ಅಷ್ಟು ಖರ್ಚು ಮಾಡಿದ್ವಲ್ಲ’ ಅನ್ನೋ ಮಾತಿಗೆ ಉತ್ತರ ಸರಳ. ಮದುವೆ ಖರ್ಚು ಪಾಲಲ್ಲ. ವರದಕ್ಷಿಣೆಯಂತೂ 1961ರಿಂದಲೇ ಅಪರಾಧ. ಗಂಡುಮಕ್ಕಳ ಮದುವೆ, ಓದಿನ ಖರ್ಚನ್ನು ಯಾರೂ ಅವರ ಪಾಲಿನಲ್ಲಿ ಕಳೆಯುವುದಿಲ್ಲ.

ನೆನಪಿಡಬೇಕಾದ್ದು

ಹಕ್ಕು ಬಿಟ್ಟುಕೊಡುವ ಸ್ವಾತಂತ್ರ್ಯ ಅಕ್ಕತಂಗಿಯರಿಗೆ ಇದ್ದೇ ಇದೆ. ಆದರೆ ಏನನ್ನು ಬಿಡ್ತಿದ್ದೀವಿ ಅಂತ ಗೊತ್ತಿದ್ದು ಬಿಡಬೇಕು. ಪತ್ರ ಓದಿ, ಸರ್ವೆ ನಂಬರು, ವಿಸ್ತೀರ್ಣ ನೋಡಿ, ಆಮೇಲೆ ಸಹಿ. ಮೋಸದಿಂದ, ಒತ್ತಡದಿಂದ ಹಾಕಿಸಿಕೊಂಡ ಸಹಿಯನ್ನು ಸಿವಿಲ್ ಕೋರ್ಟಿನಲ್ಲಿ ಪ್ರಶ್ನಿಸಬಹುದು, ತಡ ಮಾಡಬಾರದು. ಅಪ್ಪ ಸ್ವಂತ ದುಡಿದು ಮಾಡಿದ ಆಸ್ತಿಯನ್ನು ಅವರು ಯಾರಿಗೆ ಬೇಕಾದರೂ ಉಯಿಲು ಬರೆಯಬಹುದು. ಇಲ್ಲಿ ಹೇಳಿದ್ದು ಪಿತ್ರಾರ್ಜಿತದ ಮಾತು.

ಇದನ್ನು ಓದುತ್ತಿರುವ ಗಂಡುಮಕ್ಕಳಿಗೆ ಇನ್ನೂ ಒಂದು ಕೆಲಸವಿದೆ. ಸಮಾನತೆಯ ಪೋಸ್ಟು ಹಾಕುವ ಮುಂಚೆ ನಿಮ್ಮ ಮನೆಯ ಪಹಣಿ ತೆಗೆದು ನೋಡಿ, ಅದರಲ್ಲಿ ಅಕ್ಕನ ಹೆಸರು ಇದೆಯಾ? ಇಲ್ಲದಿದ್ದರೆ ಅವಳು ಕೇಳುವ ತನಕ ಕಾಯಬೇಡಿ. ಪಾಲು ಕೊಟ್ಟ ಮೇಲೂ ಗೌರಿ ಹಬ್ಬಕ್ಕೆ ಬಾಗಿನ ಕೊಡಬಹುದು, ಅದಕ್ಕೆ ಯಾವ ಕಾಯ್ದೆಯ ಅಡ್ಡಿಯೂ ಇಲ್ಲ.